ಕಾರ್ಖಾನೆಯಿಂದ ಬರುವ ಮನೆ: ಸರಾಸರಿ ಬೆಲೆ ಇಳಿದರೂ ಕಂತು ಇಳಿದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದಲ್ಲಿ ಕಾರ್ಖಾನೆಯೊಳಗೆ ಕಟ್ಟಿ, ಲಾರಿಗೆ ಬಿಗಿದು ಎಳೆದು ತಂದು ನಿಲ್ಲಿಸುವ ಹೊಸ ಮನೆಗಳ ಬೆಲೆ ಇಳಿಯತೊಡಗಿದೆ, ಹೀಗಾಗಿ ಕಡಿಮೆ ವರಮಾನದ ಕುಟುಂಬಗಳಿಗೆ ಸ್ವಂತ ಮನೆ ಮತ್ತೆ ಕೈಗೆಟುಕುವಂತಾಗಿದೆ ಎಂಬ ಅರ್ಥ ಬರುವ ಲೇಖನವೊಂದನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಲೇಖನದಲ್ಲಿದ್ದ ಅಂಕಿಗಳು ತಪ್ಪೆಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಅವು ಅಲ್ಲಿನ ಜನಗಣತಿ ಬ್ಯೂರೊ ಪ್ರಕಟಿಸುವ ಅಂಕಿಗಳೇ ಆಗಿವೆ. ಆದರೆ ಆ ಅಂಕಿಗಳಿಂದ ಲೇಖಕರು ತೆಗೆದ ತೀರ್ಮಾನವನ್ನು ನಾನು ಒಪ್ಪಲಾರೆ. ಟೆನೆಸ್ಸೀ ರಾಜ್ಯದಲ್ಲಿ ಇಂಥ ಮನೆಗಳನ್ನು ಮಾರುವ ಒಂದು ಸಣ್ಣ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷ ಲೆಕ್ಕಪತ್ರ ನೋಡಿಕೊಂಡು ಈಚೆಗೆ ನಿವೃತ್ತನಾದವನು ನಾನು. ಕಾರ್ಖಾನೆಯವರು ಕಳುಹಿಸುತ್ತಿದ್ದ ಬಿಲ್ಲು, ಗ್ರಾಹಕರು ಸಹಿ ಹಾಕುತ್ತಿದ್ದ ಸಾಲದ ಪತ್ರ ಎರಡೂ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದುದರಿಂದ, ಸರಾಸರಿ ಬೆಲೆ ಎಂಬ ಒಂದೇ ಸಂಖ್ಯೆ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳದೆ ಬಿಡುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ಮೊದಲಿಗೆ ಒಂದು ಸ್ಪಷ್ಟೀಕರಣ ಅಗತ್ಯ. ಲೇಖನದಲ್ಲಿ ಈ ಮನೆಗಳನ್ನು ಒಂದು ಕಡೆ ‘ಮೊಬೈಲ್ ಹೋಮ್’ ಎಂದೂ ಇನ್ನೊಂದು ಕಡೆ ‘ಪ್ರಿಫ್ಯಾಬ್’ ಎಂದೂ ಕರೆಯಲಾಗಿದೆ. 1974ರಲ್ಲಿ ಅಮೆರಿಕದ ಸಂಸತ್ತು ಒಪ್ಪಿದ ಕಾಯ್ದೆಯ ಅನ್ವಯ, 1976ರ ಜೂನ್ 15ರಿಂದ ಈಚೆಗೆ ಕೇಂದ್ರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯ ನಿರ್ಮಾಣ ಸಂಹಿತೆಗೆ ಒಳಪಟ್ಟು ತಯಾರಾದದ್ದು ಮಾತ್ರ ‘ಮ್ಯಾನುಫ್ಯಾಕ್ಚರ್ಡ್ ಹೋಮ್’. ಅದಕ್ಕೂ ಮುಂಚಿನವು ಮೊಬೈಲ್ ಹೋಮ್‌ಗಳು. ಮನೆಯನ್ನು ಶಾಶ್ವತವಾದ ಉಕ್ಕಿನ ಚಾಸಿಯ, ಅಂದರೆ ಅದನ್ನು ಹೊರುವ ಅಡಿ ಚೌಕಟ್ಟಿನ, ಮೇಲೆಯೇ ಕಟ್ಟಬೇಕು, ಪ್ರತಿ ಭಾಗಕ್ಕೂ ಇಲಾಖೆಯ ಕೆಂಪು ಲೋಹದ ಚೀಟಿ ಅಂಟಿರಬೇಕು. ಒಂದೇ ಭಾಗವಾಗಿ ಬರುವುದನ್ನು ಅಲ್ಲಿನವರು ಸಿಂಗಲ್-ವೈಡ್ ಎನ್ನುತ್ತಾರೆ, ಎರಡು ಭಾಗಗಳಾಗಿ ಬಂದು ಜಾಗದಲ್ಲಿ ಜೋಡಣೆಯಾಗುವುದನ್ನು ಡಬಲ್-ವೈಡ್ ಎನ್ನುತ್ತಾರೆ. ಚಾಸಿ ಇದ್ದ ಮಾತ್ರಕ್ಕೆ ಈ ಮನೆಗಳು ಊರಿಂದೂರಿಗೆ ಅಲೆಯುತ್ತವೆ ಎಂದುಕೊಳ್ಳಬಾರದು. ಕಾರ್ಖಾನೆಯಿಂದ ಹೊರಟು ಒಮ್ಮೆ ನೆಲೆ ನಿಂತ ಮೇಲೆ ಬಹುಪಾಲು ಮನೆಗಳು ಮತ್ತೆ ಕದಲುವುದೇ ಇಲ್ಲ. ಬೆಲೆಯ ಚರ್ಚೆಗೆ ಈ ಮಾತು ಎಷ್ಟು ಮುಖ್ಯವೆಂಬುದು ಮುಂದೆ ತಿಳಿಯುತ್ತದೆ.

ಇನ್ನು ಬೆಲೆಯ ವಿಷಯ. ಲೇಖಕರು 2022ರಿಂದ ಈಚಿನ ಮೂರು ವರ್ಷಗಳನ್ನು ಮಾತ್ರ ತೆಗೆದುಕೊಂಡಿದ್ದಾರೆ. ಹಾಗೆ ತೆಗೆದುಕೊಂಡರೆ ಇಳಿತ ಕಾಣುವುದು ನಿಜ. 2022ರಲ್ಲಿ ಹೊಸ ಮನೆಯೊಂದರ ಸರಾಸರಿ ಮಾರಾಟ ಬೆಲೆ ಸುಮಾರು 1.27 ಲಕ್ಷ ಡಾಲರ್ ಇದ್ದದ್ದು 2023ರಲ್ಲಿ ಸುಮಾರು 1.24 ಲಕ್ಷಕ್ಕೆ ಬಂತು, ಮರುವರ್ಷವೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ನಿಂತಿತು. ಆದರೆ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಚಿತ್ರ ಪೂರ್ತಿ ಬೇರೆಯೇ ಆಗುತ್ತದೆ. 2007ರಲ್ಲಿ ಸರಾಸರಿ ಬೆಲೆ ಸುಮಾರು 65 ಸಾವಿರ ಡಾಲರ್ ಇತ್ತು. ಮಧ್ಯೆ ಸ್ವಲ್ಪ ಕುಸಿದು, 2014ರಲ್ಲಿ ಮತ್ತೆ ಅದೇ 65 ಸಾವಿರದ ಆಸುಪಾಸಿಗೆ ಬಂದು ನಿಂತಿತು. ಅಂದರೆ ಏಳು ವರ್ಷ ಬೆಲೆ ಇದ್ದಲ್ಲೇ ಇತ್ತು. ಹಣದುಬ್ಬರವನ್ನು ಲೆಕ್ಕಕ್ಕೆ ಹಿಡಿದರೆ ಆ ಅವಧಿಯಲ್ಲಿ ಮನೆ ಅಗ್ಗವಾಗುತ್ತಾ ಹೋಯಿತು ಎಂದೇ ಹೇಳಬೇಕು. ಅಲ್ಲಿಂದ 2019ರ ಹೊತ್ತಿಗೆ 82 ಸಾವಿರ, 2020ರಲ್ಲಿ 87 ಸಾವಿರ, 2021ರಲ್ಲಿ 1.08 ಲಕ್ಷ, 2022ರಲ್ಲಿ 1.27 ಲಕ್ಷ. ಎಂಟು ವರ್ಷಗಳಲ್ಲಿ ಬೆಲೆ ಹತ್ತಿರಹತ್ತಿರ ಇಮ್ಮಡಿಯಾಯಿತು, ಅದರಲ್ಲೂ ಕೊನೆಯ ಮೂರು ವರ್ಷಗಳಲ್ಲೇ ಶೇ 55ರಷ್ಟು ಜಿಗಿಯಿತು. ಅದೇ ಮೂರು ವರ್ಷಗಳಲ್ಲಿ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಏರಿದ್ದು ಶೇ 14ರಷ್ಟು. ಜಾಗದಲ್ಲೇ ಕಟ್ಟುವ ಮಾಮೂಲಿ ಹೊಸ ಮನೆಗಳ ಬೆಲೆ ಏರಿದ್ದು ಸುಮಾರು ಶೇ 40ರಷ್ಟು. ಬಡವರ ಮನೆಯ ಬೆಲೆ ಉಳ್ಳವರ ಮನೆಯ ಬೆಲೆಗಿಂತ ವೇಗವಾಗಿ ಏರಿತು ಎಂಬ ಈ ಸಂಗತಿ ನನಗೆ ಆ ಲೇಖನದ ಶೀರ್ಷಿಕೆಗಿಂತ ದೊಡ್ಡ ಸುದ್ದಿಯಾಗಿ ಕಾಣುತ್ತದೆ. ಹತ್ತು ಮೆಟ್ಟಿಲು ಏರಿ ಅರ್ಧ ಮೆಟ್ಟಿಲು ಇಳಿದದ್ದನ್ನು ಇಳಿಮುಖವೆಂದು ಕರೆಯುವುದು ಹೇಗೆ?

ಈ ಏರಿಕೆ ಎಲ್ಲಿಂದ ಬಂತೆಂಬುದನ್ನು ಲೇಖನ ‘ಕೋವಿಡ್ ಪರಿಣಾಮ’ ಎಂಬ ಎರಡು ಪದಗಳಲ್ಲಿ ಮುಗಿಸಿದೆ. ನಾನು ಕಂಡದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಮನೆಯ ಗೋಡೆ, ಛಾವಣಿ, ನೆಲ ಎಲ್ಲವೂ ಮರದ ಚೌಕಟ್ಟು ಮತ್ತು ಮರದ ಹಲಗೆಗಳ ಮೇಲೆ ನಿಂತಿರುತ್ತವೆ. 2021ರ ಮೇ ತಿಂಗಳಲ್ಲಿ ಮುಂಗಡ ವಹಿವಾಟಿನಲ್ಲಿ ಮರದ ಬೆಲೆ ಸಾವಿರ ಬೋರ್ಡ್ ಅಡಿಗೆ (ಅಲ್ಲಿ ಮರ ಅಳೆಯುವ ಮಾನ) 1,600 ಡಾಲರನ್ನೂ ಮೀರಿತ್ತು, ಸಾಂಕ್ರಾಮಿಕಕ್ಕೆ ಮುಂಚೆ ಅದು 400 ಡಾಲರಿನ ಆಚೀಚೆ ಇರುತ್ತಿತ್ತು. ಅದೇ ವರ್ಷದ ಫೆಬ್ರುವರಿಯಲ್ಲಿ ಟೆಕ್ಸಾಸ್ ರಾಜ್ಯವನ್ನು ಹೆಪ್ಪುಗಟ್ಟಿಸಿದ ಚಳಿಗಾಳಿಯಿಂದ ಅಲ್ಲಿನ ರಾಸಾಯನಿಕ ಕಾರ್ಖಾನೆಗಳು ನಿಂತುಹೋದವು. ಹಲಗೆ ಅಂಟಿಸುವ ರಾಳ, ಕೊಳಾಯಿ ಪೈಪು, ಶಾಖ ತಡೆಯುವ ಫೋಮ್ ಇವೆಲ್ಲದರ ಕೊರತೆ ಒಟ್ಟಿಗೇ ಬಂತು. ಅದುವರೆಗೆ ಬೇಡಿಕೆ ಪತ್ರಕ್ಕೆ ಸಹಿ ಬಿದ್ದ ದಿನವೇ ನಿಗದಿಯಾಗುತ್ತಿದ್ದ ಬೆಲೆ, ಮನೆ ಕಾರ್ಖಾನೆಯ ಸಾಲಿಗೆ ಏರಿದ ದಿನದ ಬೆಲೆಯಾಗಿ ಬದಲಾಯಿತು. ಬಿಲ್ಲಿನ ಕೊನೆಯಲ್ಲಿ ‘ಸಾಮಗ್ರಿ ಸರ್ಚಾರ್ಜ್’ ಎಂಬ ಹೆಚ್ಚುವರಿ ಶುಲ್ಕದ ಹೊಸ ಸಾಲು ಕಾಣಿಸಿಕೊಂಡಿತು. ಮೊದಲ ಬಾರಿ ಅದನ್ನು ಕಂಡಾಗ ಯಾರೋ ಕಣ್ತಪ್ಪಿನಿಂದ ಸೇರಿಸಿದ್ದಾರೆಂದು ಭಾವಿಸಿ ನಾನು ಕಾರ್ಖಾನೆಗೆ ಫೋನ್ ಮಾಡಿದ್ದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಸಾಲಿಲ್ಲದ ಬಿಲ್ಲೇ ಬರದಂತಾಯಿತು.

ಮರದ ಬೆಲೆ ಆ ವರ್ಷದ ಆಗಸ್ಟ್ ಹೊತ್ತಿಗೆ ಅರ್ಧಕ್ಕಿಂತಲೂ ಕೆಳಗೆ ಬಿತ್ತು. ಮನೆಯ ಬೆಲೆ ಮಾತ್ರ ಬೀಳಲಿಲ್ಲ. ಕಾರಣ ಸರಳ: ಕಾರ್ಖಾನೆಗಳ ಮುಂದೆ ತಿಂಗಳುಗಟ್ಟಲೆ ಕೆಲಸಕ್ಕೆ ಸಾಲುವಷ್ಟು ಬೇಡಿಕೆ ಸಾಲುಗಟ್ಟಿ ನಿಂತಿತ್ತು, ಕೆಲಸಗಾರರು ಸಿಗುತ್ತಿರಲಿಲ್ಲ, ಸಿಕ್ಕವರ ಕೂಲಿ ಏರಿತ್ತು. ಏರಿದ ಕೂಲಿ ಮರದ ದರದಂತೆ ತಿಂಗಳೊಪ್ಪತ್ತಿನಲ್ಲಿ ಇಳಿಯುವ ವಸ್ತುವಲ್ಲ. ಇನ್ನೊಂದು ಮಾತನ್ನೂ ಸೇರಿಸುತ್ತೇನೆ, ಇದು ನನ್ನ ಸ್ವಂತ ಅಭಿಪ್ರಾಯ. ಈ ಉದ್ಯಮದ ಬಹುಪಾಲು ಉತ್ಪಾದನೆ ಇಂದು ಮೂರೇ ಕಂಪನಿಗಳ ಕೈಯಲ್ಲಿದೆ: 2003ರಲ್ಲಿ ಹೂಡಿಕೆದಾರ ವಾರನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ ಕೊಂಡುಕೊಂಡ, ಟೆನೆಸ್ಸೀಯ ಮೇರಿವಿಲ್‌ನಲ್ಲಿರುವ ಕ್ಲೇಟನ್ ಹೋಮ್ಸ್, ಅರಿಜೋನಾದ ಕ್ಯಾವ್ಕೊ ಮತ್ತು 2018ರಲ್ಲಿ ಎರಡು ಕಂಪನಿಗಳು ಕೂಡಿ ಆದ ಚಾಂಪಿಯನ್. ಬೆಲೆ ಏರುವಾಗ ಕಂಡ ಆತುರ ಇಳಿಯುವಾಗ ಕಾಣದಿರುವುದಕ್ಕೆ, ಗ್ರಾಹಕನಿಗೆ ಬಾಗಿಲುಗಳು ಹೆಚ್ಚಿಲ್ಲದಿರುವುದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ಹಾಗಾದರೆ 2023ರಲ್ಲಿ ಸರಾಸರಿ ಬೆಲೆ ಕಡಿಮೆಯಾದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನು ಮಾರಾಟಗಾರರ ಅಂಗಳದಲ್ಲಿ ಹುಡುಕಬೇಕು. ಪ್ರದರ್ಶನಕ್ಕೆ ನಿಲ್ಲಿಸಿದ ಮನೆಗಳನ್ನು ಮಾರಾಟಗಾರರು ಸ್ವಂತ ಹಣದಿಂದ ಕೊಂಡಿರುವುದಿಲ್ಲ. ಅದಕ್ಕೆಂದೇ ‘ಫ್ಲೋರ್ ಪ್ಲಾನ್’ ಎಂಬ ದಾಸ್ತಾನು ಸಾಲವಿದೆ, ಮನೆ ಮಾರಾಟವಾಗುವ ದಿನದವರೆಗೆ ಅದರ ಬಡ್ಡಿ ಓಡುತ್ತಲೇ ಇರುತ್ತದೆ. 2021ರಲ್ಲಿ ಮನೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದುದರಿಂದ ಎಲ್ಲರೂ ಬೇಕಾದದ್ದಕ್ಕಿಂತ ಹೆಚ್ಚು ಮನೆಗಳಿಗೆ ಬೇಡಿಕೆ ಸಲ್ಲಿಸಿದ್ದರು. 2022ರ ಕೊನೆಗೆ ಅವೆಲ್ಲ ಒಟ್ಟಿಗೇ ಬಂದು ಅಂಗಳ ತುಂಬಿದವು. ಅಷ್ಟರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, 2022ರ ಮಾರ್ಚ್‌ವರೆಗೆ ಸೊನ್ನೆಯ ಸನಿಹದಲ್ಲಿದ್ದ ತನ್ನ ಬಡ್ಡಿ ದರವನ್ನು ಏರಿಸುತ್ತಾ ಹೋಗಿ, 2023ರ ಜುಲೈನಲ್ಲಿ ಶೇ 5.25ರಿಂದ 5.50ರ ಮಟ್ಟಕ್ಕೆ ಒಯ್ದಿತು. ಅಂಗಳದಲ್ಲಿ ನಿಂತ ಒಂದೊಂದು ಮನೆಯೂ ದಿನದಿನಕ್ಕೆ ಹಣ ತಿನ್ನತೊಡಗಿದಾಗ ಮಾರಾಟಗಾರರು ಲಾಭ ಬಿಟ್ಟು ದಾಸ್ತಾನು ಕರಗಿಸಿದರು, ಕಾರ್ಖಾನೆಗಳಿಗೆ ಹೊಸ ಬೇಡಿಕೆ ನಿಲ್ಲಿಸಿದರು. 2022ರಲ್ಲಿ ಸುಮಾರು 1.13 ಲಕ್ಷ ಮನೆಗಳು ಕಾರ್ಖಾನೆಗಳಿಂದ ಹೊರಟಿದ್ದರೆ, 2023ರಲ್ಲಿ ಹೊರಟದ್ದು ಸುಮಾರು 89 ಸಾವಿರ. ಲೇಖಕರು ‘ಕಾರ್ಖಾನೆಗಳ ದಕ್ಷತೆಯಿಂದ ಬೆಲೆ ಇಳಿದಿದೆ’ ಎಂದು ಬರೆದಿರುವುದು ಈ ಹಿನ್ನೆಲೆಯಲ್ಲಿ ಸರಿಹೊಂದುವುದಿಲ್ಲ. ಅದು ದಾಸ್ತಾನು ಖಾಲಿ ಮಾಡಿದ ಇಳಿತ. ಮರುವರ್ಷ ಸಾಗಣೆ ಮತ್ತೆ ಒಂದು ಲಕ್ಷ ದಾಟಿದಾಗಲೂ ಬೆಲೆ 2019ರ ಮಟ್ಟದ ಹತ್ತಿರವೂ ಸುಳಿಯಲಿಲ್ಲ.

ಸರಾಸರಿ ಎಂಬುದರಲ್ಲೇ ಅಡಗಿರುವ ಒಂದು ತೊಡಕನ್ನೂ ಇಲ್ಲಿ ಹೇಳಬೇಕು. ಲೆಕ್ಕಕ್ಕಾಗಿ ಸಿಂಗಲ್-ವೈಡ್ ಒಂದಕ್ಕೆ 80 ಸಾವಿರ, ಡಬಲ್-ವೈಡ್ ಒಂದಕ್ಕೆ 1.5 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. ನೂರರಲ್ಲಿ ಐವತ್ತು ಇದು, ಐವತ್ತು ಅದು ಮಾರಾಟವಾದರೆ ಸರಾಸರಿ 1.15 ಲಕ್ಷ. ಮುಂದಿನ ವರ್ಷ ಎರಡರ ಬೆಲೆಯೂ ಒಂದು ಡಾಲರಿನಷ್ಟೂ ಬದಲಾಗದೆ, ಅರವತ್ತು ಸಿಂಗಲ್-ವೈಡ್, ನಲವತ್ತು ಡಬಲ್-ವೈಡ್ ಮಾರಾಟವಾದರೆ ಸರಾಸರಿ 1.08 ಲಕ್ಷಕ್ಕೆ ಇಳಿಯುತ್ತದೆ. ಪತ್ರಿಕೆಯಲ್ಲಿ ‘ಬೆಲೆ ಶೇ 6ರಷ್ಟು ಇಳಿಕೆ’ ಎಂದು ಅಚ್ಚಾಗುತ್ತದೆ. ನಡೆದದ್ದೇನೆಂದರೆ ಮೂರು ಕೋಣೆಯ ಮನೆ ಕೊಳ್ಳಲು ಬಂದವರು ಬಡ್ಡಿ ನೋಡಿ ಎರಡು ಕೋಣೆಯ ಮನೆಗೆ ಒಪ್ಪಿಕೊಂಡರು, ಅಷ್ಟೆ. ಹೀಗೆ ಒಪ್ಪಿಕೊಂಡ ಎಷ್ಟೋ ದಂಪತಿಗಳು ನನ್ನ ಮೇಜಿನ ಮುಂದೆ ಕುಳಿತಿದ್ದರು. ಜನಗಣತಿ ಬ್ಯೂರೊ ಎರಡೂ ಬಗೆಯ ಬೆಲೆಯನ್ನು ಬೇರೆಬೇರೆಯಾಗಿಯೇ ಕೊಡುತ್ತದೆ. 2019ರಲ್ಲಿ ಸುಮಾರು 53 ಸಾವಿರ ಡಾಲರ್ ಇದ್ದ ಸಿಂಗಲ್-ವೈಡ್‌ನ ಸರಾಸರಿ ಬೆಲೆ 2022ರಲ್ಲಿ 80 ಸಾವಿರವನ್ನು ದಾಟಿತ್ತು, ಸುಮಾರು 1.04 ಲಕ್ಷ ಇದ್ದ ಡಬಲ್-ವೈಡ್ ಒಂದೂವರೆ ಲಕ್ಷವನ್ನು ದಾಟಿತ್ತು. ಈ ಎರಡು ಸಾಲುಗಳನ್ನು ಬಿಟ್ಟು ಒಟ್ಟು ಸರಾಸರಿಯನ್ನು ಮಾತ್ರ ಆರಿಸಿಕೊಂಡದ್ದು ಲೇಖನದ ಮುಖ್ಯ ದೋಷವೆಂದು ನಾನು ಭಾವಿಸುತ್ತೇನೆ.

‘ಮಾಮೂಲಿ ಮನೆಯ ಕಾಲು ಭಾಗದ ಬೆಲೆಗೆ ಮನೆ’ ಎಂಬ ಹೋಲಿಕೆಯೂ ಓದುಗರ ದಾರಿ ತಪ್ಪಿಸುತ್ತದೆ. ಜಾಗದಲ್ಲೇ ಕಟ್ಟಿದ ಹೊಸ ಮನೆಗಳ ಸರಾಸರಿ ಬೆಲೆ ಐದು ಲಕ್ಷ ಡಾಲರಿಗೂ ಹೆಚ್ಚೆಂಬುದು ಸರಿ, ಆದರೆ ಅದರಲ್ಲಿ ನೆಲದ ಬೆಲೆಯೂ ಸೇರಿದೆ. ಕಾರ್ಖಾನೆ ಮನೆಯ 1.24 ಲಕ್ಷದಲ್ಲಿ ನೆಲ ಸೇರಿಲ್ಲ. ಜೊತೆಗೆ ಅವೆರಡರ ಅಳತೆಯೂ ಒಂದೇ ಅಲ್ಲ. ನೆಲದ ಬೆಲೆ ಕಳೆದು ಚದರ ಅಡಿಯ ಲೆಕ್ಕ ಹಿಡಿದರೆ ಕಾರ್ಖಾನೆ ಮನೆ ಮಾಮೂಲಿ ಮನೆಯ ಅರ್ಧದಷ್ಟು ಬೆಲೆಗೆ ಬರುತ್ತದೆ. ಅರ್ಧ ಎಂಬುದೇ ದೊಡ್ಡ ಉಳಿತಾಯ, ಅದನ್ನು ಕಾಲು ಎಂದು ಹಿಗ್ಗಿಸುವ ಅಗತ್ಯವಿಲ್ಲ. ಮಳೆ ಬಿಸಿಲೆನ್ನದೆ ಸೂರಿನಡಿಯಲ್ಲಿ ನಡೆಯುವ ಕೆಲಸ, ಸಗಟಿನಲ್ಲಿ ಕೊಳ್ಳುವ ಸಾಮಗ್ರಿ, ರಾಜ್ಯ ರಾಜ್ಯಕ್ಕೆ ಬದಲಾಗದ ಒಂದೇ ಸಂಹಿತೆ ಇವುಗಳಿಂದ ಬರುವ ಉಳಿತಾಯ ಅದು, ನಿಜವಾದ ಉಳಿತಾಯ. ಈ ಉದ್ಯಮದ ಬಗ್ಗೆ ನನಗೆ ಹಗೆಯಿಲ್ಲ ಎಂಬುದನ್ನು ಈ ಮಾತಿನಿಂದಲೇ ತಿಳಿಯಬಹುದು.

ಆದರೆ ಮನೆ ಕೊಂಡ ಕುಟುಂಬ ಸಹಿ ಹಾಕಿದ ಮೊತ್ತದಲ್ಲೇ ಒಳಹೊಕ್ಕು ದೀಪ ಹಚ್ಚಲಾಗುವುದಿಲ್ಲ. ನೆಲವನ್ನು ಸಮ ಮಾಡಬೇಕು, ಅಡಿಪಾಯದ ಕಂಬಗಳನ್ನು ನಿಲ್ಲಿಸಬೇಕು, ಗಾಳಿಗೆ ಅಲುಗಾಡದಂತೆ ಉಕ್ಕಿನ ಪಟ್ಟಿಗಳಿಂದ ನೆಲಕ್ಕೆ ಬಿಗಿಯಬೇಕು, ಕೆಳಗಿನ ತೆರೆದ ಭಾಗವನ್ನು ಸುತ್ತಲೂ ಮುಚ್ಚಬೇಕು, ಮೆಟ್ಟಿಲು ಕಟ್ಟಬೇಕು. ನೀರು, ಒಳಚರಂಡಿ, ವಿದ್ಯುತ್ ಸಂಪರ್ಕ ಪಡೆಯಬೇಕು. ಊರಿನಿಂದ ದೂರವಾದರೆ ಬಾವಿ ತೋಡಿಸಿ ಸೆಪ್ಟಿಕ್ ಟ್ಯಾಂಕ್ ಹೂಳಿಸಬೇಕು. ಇವುಗಳ ಖರ್ಚು ಜಾಗದಿಂದ ಜಾಗಕ್ಕೆ ಎಷ್ಟು ಬದಲಾಗುತ್ತದೆಂದರೆ, ಒಂದೇ ಮಾದರಿಯ ಮನೆ ಕೊಂಡ ಇಬ್ಬರ ಒಟ್ಟು ಲೆಕ್ಕದಲ್ಲಿ ಹತ್ತಾರು ಸಾವಿರ ಡಾಲರಿನ ಅಂತರವನ್ನು ನಾನೇ ಬರೆದಿಟ್ಟಿದ್ದೇನೆ.

ಈಗ ನನ್ನ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಲೆ ಎಷ್ಟು ಎಂದು ಕೇಳುವ ಗ್ರಾಹಕರು ನಮ್ಮಲ್ಲಿಗೆ ಬರುತ್ತಿದ್ದುದು ಕಡಿಮೆ, ತಿಂಗಳ ಕಂತು ಎಷ್ಟು ಎಂದು ಕೇಳುವವರೇ ಹೆಚ್ಚು. ಕಂತನ್ನು ನಿರ್ಧರಿಸುವುದು ಬೆಲೆಯೊಂದೇ ಅಲ್ಲ. ಅಮೆರಿಕದ ಬಹುತೇಕ ರಾಜ್ಯಗಳ ಕಾನೂನಿನಲ್ಲಿ ಕಾರ್ಖಾನೆಯಿಂದ ಬಂದ ಹೊಸ ಮನೆ ಮೊದಲಿಗೆ ಚರ ಸ್ವತ್ತು, ಕಾರಿಗೆ ಇರುವಂತೆ ಅದಕ್ಕೂ ಒಡೆತನ ತೋರಿಸುವ ಒಂದು ಟೈಟಲ್ ಪತ್ರ ಇರುತ್ತದೆ. ಮನೆಯನ್ನೂ ನೆಲವನ್ನೂ ಒಟ್ಟಿಗೆ ಅಡವಿಟ್ಟು ಸ್ಥಿರ ಸ್ವತ್ತಾಗಿ ನೋಂದಾಯಿಸಿದರೆ ಮಾತ್ರ ಮಾಮೂಲಿ ಗೃಹಸಾಲ ದೊರೆಯುತ್ತದೆ. ಇಲ್ಲದಿದ್ದರೆ ದೊರೆಯುವುದು ‘ಚ್ಯಾಟಲ್’ ಸಾಲ, ಅಂದರೆ ಚರ ಸ್ವತ್ತಿನ ಮೇಲಿನ ಸಾಲ. ಇದರ ಬಡ್ಡಿ ಹೆಚ್ಚು, ಅವಧಿ ಕಡಿಮೆ, ಕಂತು ತಪ್ಪಿದಾಗ ಸಾಲಗಾರನಿಗೆ ಕಾನೂನು ಕೊಡುವ ರಕ್ಷಣೆಯೂ ಕಡಿಮೆ. ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೊ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಇಂಥ ಮನೆಗಳನ್ನು ಕೊಳ್ಳಲು ಪಡೆದ ಸಾಲಗಳಲ್ಲಿ ಶೇ 42ರಷ್ಟು ಚ್ಯಾಟಲ್ ಸಾಲಗಳೇ. ಸ್ವಂತ ನೆಲವಿದ್ದೂ ಈ ಸಾಲವನ್ನೇ ಪಡೆಯುವವರು ಕಡಿಮೆಯೇನಿಲ್ಲ. ಕಾಗದಪತ್ರ ಬೇಗ ಮುಗಿಯುತ್ತದೆ, ನೆಲವನ್ನು ಅಡವಿಡುವ ಭಯವಿಲ್ಲ ಎಂಬುದು ಅವರು ಕೊಡುತ್ತಿದ್ದ ಕಾರಣ. ಮಾರಾಟಗಾರನೂ ಅದನ್ನೇ ಮುಂದೆ ಮಾಡುತ್ತಿದ್ದ ಎಂಬುದನ್ನು ಮುಚ್ಚಿಡಲಾರೆ.

ಒಂದು ಲೆಕ್ಕ ಕೊಡುತ್ತೇನೆ. ಬಡ್ಡಿ ದರಗಳು ಉದಾಹರಣೆಗೆಂದು ನಾನೇ ಇಟ್ಟುಕೊಂಡವು, ಸುಲಭಕ್ಕಾಗಿ ಪೂರ್ತಿ ಬೆಲೆಯನ್ನೂ ಸಾಲವೆಂದೇ ಹಿಡಿದಿದ್ದೇನೆ. 1.27 ಲಕ್ಷ ಡಾಲರನ್ನು ಶೇ 8ರ ಬಡ್ಡಿಗೆ ಇಪ್ಪತ್ತು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 1,062 ಡಾಲರ್. ಬೆಲೆ 1.24 ಲಕ್ಷಕ್ಕೆ ಇಳಿದು ಬಡ್ಡಿ ಶೇ 10ಕ್ಕೆ ಏರಿದರೆ ಕಂತು ಸುಮಾರು 1,197 ಡಾಲರ್. ಬೆಲೆ ಮೂರು ಸಾವಿರ ಇಳಿದಿದೆ, ಕಂತು ತಿಂಗಳಿಗೆ 135 ಡಾಲರ್ ಏರಿದೆ. ಇಪ್ಪತ್ತು ವರ್ಷಕ್ಕೆ ಈ ಹೆಚ್ಚುವರಿ ಮೊತ್ತ 32 ಸಾವಿರ ಡಾಲರನ್ನು ದಾಟುತ್ತದೆ. ಇದೇ ರೀತಿ ಒಂದು ಲಕ್ಷ ಡಾಲರಿನ ಸಾಲವನ್ನೇ ಒಬ್ಬರು ಶೇ 7ರ ಗೃಹಸಾಲವಾಗಿ, ಇನ್ನೊಬ್ಬರು ಶೇ 10ರ ಚ್ಯಾಟಲ್ ಸಾಲವಾಗಿ ಇಪ್ಪತ್ತು ವರ್ಷಕ್ಕೆ ಪಡೆದರೆ, ಎರಡನೆಯವರು ಕಟ್ಟುವುದು ಸುಮಾರು 45 ಸಾವಿರ ಡಾಲರ್ ಹೆಚ್ಚು. ಮನೆ ಅದೇ, ಬೆಲೆ ಅದೇ, ಸರಾಸರಿಯ ಪಟ್ಟಿಯಲ್ಲಿ ಇಬ್ಬರದೂ ಒಂದೇ ಅಂಕಿ. ಬೆಲೆಯ ಏರಿಳಿತವನ್ನು ಮಾತ್ರ ಹಿಡಿದು ಮನೆ ಕೈಗೆಟುಕುತ್ತದೆಯೇ ಇಲ್ಲವೇ ಎಂದು ತೀರ್ಪು ಕೊಡಬಾರದೆಂದು ನಾನು ಹೇಳುವುದು ಈ ಕಾರಣಕ್ಕೆ.

ಸರ್ಕಾರದ ಕಡೆಯ ನಿಧಾನವೂ ಈ ಕಥೆಯಲ್ಲಿ ಒಂದು ಪಾಲು ಪಡೆದಿದೆ. ಬಡವರಿಗೆ ಚರ ಸ್ವತ್ತಿನ ಸಾಲ ಸುಲಭವಾಗಲೆಂದು ಕೇಂದ್ರದ ಗೃಹ ಆಡಳಿತವು ಸಾಲದಾತರಿಗೆ ವಿಮೆ ಒದಗಿಸುವ ‘ಟೈಟಲ್ ಒನ್’ ಎಂಬ ಯೋಜನೆಯಿದೆ. ಮನೆಯೊಂದಕ್ಕೆ ಈ ಯೋಜನೆಯಡಿ ದೊರೆಯಬಹುದಾದ ಗರಿಷ್ಠ ಸಾಲವನ್ನು 2008ರ ಕಾಯ್ದೆ 69,678 ಡಾಲರ್ ಎಂದು ನಿಗದಿ ಮಾಡಿತು. ಅಂದಿನ ಸರಾಸರಿ ಬೆಲೆಗೆ ಅದು ಸಾಲುತ್ತಿತ್ತು. 2016ರ ಹೊತ್ತಿಗೆ ಸರಾಸರಿ ಬೆಲೆ 70 ಸಾವಿರ ದಾಟಿ ಆ ಮಿತಿಯನ್ನು ಹಿಂದೆ ಹಾಕಿತು, 2022ರಲ್ಲಿ ಹತ್ತಿರಹತ್ತಿರ ಅದರ ಎರಡರಷ್ಟಾಯಿತು. ಮಿತಿ ಮಾತ್ರ ಅಲ್ಲಿಯೇ ಕುಳಿತಿತ್ತು. ಅದನ್ನು ಸಿಂಗಲ್-ವೈಡ್‌ಗೆ 1.05 ಲಕ್ಷ, ಡಬಲ್-ವೈಡ್‌ಗೆ 1.93 ಲಕ್ಷ ಡಾಲರಿನ ಮೇಲಕ್ಕೆ ಏರಿಸಿದ್ದು 2024ರಲ್ಲಿ. ಬೆಲೆ ಅತಿ ವೇಗವಾಗಿ ಏರಿದ ವರ್ಷಗಳಲ್ಲಿ ಆ ಯೋಜನೆ ಇದ್ದೂ ಇಲ್ಲದಂತಿತ್ತು. ನಮ್ಮ ಕಚೇರಿಯ ಕಪಾಟಿನಲ್ಲಿ ಅದರ ಅರ್ಜಿ ನಮೂನೆಗಳು ಹಳದಿಗಟ್ಟಿದ್ದವು.

ಸಾಲ ಸುಲಭವಾದಷ್ಟೂ ಒಳ್ಳೆಯದೆಂದೂ ಹೇಳುವಂತಿಲ್ಲ. ಸಾಗಣೆಯ ಅಂಕಿಯನ್ನೇ ನೋಡಿ: 1972ರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು, 1998ರಲ್ಲಿ ಸುಮಾರು 3.73 ಲಕ್ಷ, 2009ರಲ್ಲಿ ಸುಮಾರು 50 ಸಾವಿರ. 1990ರ ದಶಕದ ಏರಿಕೆಯ ಹಿಂದೆ, ಮರುಪಾವತಿಯ ಶಕ್ತಿಯನ್ನು ಸರಿಯಾಗಿ ನೋಡದೆ ಕೊಟ್ಟ ಸಾಲಗಳಿದ್ದವು. ಈ ಬಗೆಯ ಸಾಲದಲ್ಲಿ ಮುಂದಿದ್ದ ಗ್ರೀನ್ ಟ್ರೀ ಕಂಪನಿಯನ್ನು 1998ರಲ್ಲಿ ಕೊಂಡ ಕಾನ್ಸೆಕೊ ಎಂಬ ವಿಮಾ ಕಂಪನಿ 2002ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಸಾಲದಾತರು ಜಪ್ತಿ ಮಾಡಿ ತಂದ ಮನೆಗಳು ಮಾರುಕಟ್ಟೆಗೆ ಬಂದಾಗ ಹೊಸ ಮನೆಗಳನ್ನು ಕೇಳುವವರಿಲ್ಲದಂತಾಯಿತು. 2007ರಿಂದ 2014ರವರೆಗೆ ಬೆಲೆ ಹೆಚ್ಚು ಕದಲದೆ ಉಳಿದದ್ದಕ್ಕೆ ಈ ಕುಸಿತವೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. ನಾನು ಕೆಲಸಕ್ಕೆ ಸೇರಿದಾಗ ಹಿರಿಯ ಮಾರಾಟಗಾರರು ಆ ದಿನಗಳನ್ನು ಬರಗಾಲವನ್ನು ನೆನೆಯುವಂತೆ ನೆನೆಯುತ್ತಿದ್ದರು.

ಸ್ವಂತ ನೆಲವಿಲ್ಲದವರ ಪಾಡನ್ನು ಲೇಖನ ಪೂರ್ತಿಯಾಗಿ ಬಿಟ್ಟುಬಿಟ್ಟಿದೆ. ಮನೆ ತಮ್ಮದು, ಕೆಳಗಿನ ನೆಲ ಬೇರೆಯವರದು ಎಂಬಂತೆ ಬಾಡಿಗೆ ಜಾಗಗಳಲ್ಲಿ ಬದುಕುವ ಕುಟುಂಬಗಳು ಅಲ್ಲಿ ಲಕ್ಷಾಂತರ ಇವೆ. ಕಳೆದ ಕೆಲವು ವರ್ಷಗಳಲ್ಲಿ ಈ ವಸತಿ ಸಮುಚ್ಚಯಗಳನ್ನು ದೊಡ್ಡ ಹೂಡಿಕೆ ಸಂಸ್ಥೆಗಳು ಒಂದೊಂದಾಗಿ ಕೊಂಡುಕೊಂಡಿವೆ, ಕೊಂಡ ಮೇಲೆ ಜಾಗದ ಬಾಡಿಗೆ ಏರಿಸಿವೆ. ಬಾಡಿಗೆ ಹೆಚ್ಚಾಯಿತೆಂದು ಮನೆಯನ್ನು ಎಳೆದುಕೊಂಡು ಹೊರಡೋಣವೆಂದರೆ, ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸುವ ಖರ್ಚೇ ಸಾವಿರಾರು ಡಾಲರ್. ಹಳೆಯ ಮನೆಯನ್ನು ಒಳಗೆ ಬಿಟ್ಟುಕೊಳ್ಳಲು ಬೇರೆ ಸಮುಚ್ಚಯದವರು ಒಪ್ಪುವುದೂ ಅಪರೂಪ. ಹೆಸರಿಗೆ ಚರ ಸ್ವತ್ತು, ಚಲಿಸಲು ಸಾಧ್ಯವಿಲ್ಲ. ಹೀಗಿರುವ ಕುಟುಂಬಕ್ಕೆ ಹೊಸ ಮನೆಯ ಸರಾಸರಿ ಬೆಲೆ ಮೂರು ಸಾವಿರ ಇಳಿಯಿತೆಂಬ ಸುದ್ದಿಯಿಂದ ಆಗುವುದೇನೂ ಇಲ್ಲ. ನಿವಾಸಿಗಳೇ ಸಹಕಾರ ಸಂಘ ಕಟ್ಟಿಕೊಂಡು ನೆಲವನ್ನು ಕೊಳ್ಳುವ ಪದ್ಧತಿ 1984ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಶುರುವಾಗಿ ಬೇರೆ ರಾಜ್ಯಗಳಿಗೂ ಹಬ್ಬಿದೆ. ಲೇಖಕರು ಇನ್ನೊಮ್ಮೆ ಬರೆಯುವುದಾದರೆ ಅದರ ಬಗ್ಗೆ ಬರೆಯಲಿ ಎಂಬುದು ನನ್ನ ಆಸೆ.

ಮುಂದೆ ಬೆಲೆ ಎತ್ತ ಹೋಗುತ್ತದೆ ಎಂಬ ಬಗ್ಗೆ ಭವಿಷ್ಯ ನುಡಿಯುವ ಧೈರ್ಯ ನನಗಿಲ್ಲ. ಶಾಶ್ವತ ಚಾಸಿ ಕಡ್ಡಾಯವೆಂಬ ನಿಯಮವನ್ನು ಕೈಬಿಟ್ಟರೆ ಉಕ್ಕಿನ ಖರ್ಚು ಉಳಿಯುತ್ತದೆ, ಎರಡಂತಸ್ತಿನ ಮನೆಗಳೂ ಸುಲಭವಾಗುತ್ತವೆ ಎಂಬ ವಾದ ಅಮೆರಿಕದ ಸಂಸತ್ತಿನ ಮುಂದೆ ಬಂದಿದೆ. ಇಂಧನ ಇಲಾಖೆ 2022ರಲ್ಲಿ ಅಂತಿಮಗೊಳಿಸಿದ ಹೊಸ ಶಾಖರಕ್ಷಣಾ ಮಾನದಂಡಗಳ ಜಾರಿ ಮುಂದಕ್ಕೆ ಹೋಗಿದೆ. ಜಾರಿಯಾದರೆ ಮನೆಯ ಬೆಲೆ ಏರುತ್ತದೆ ಎಂದು ತಯಾರಕರು ಹೇಳುತ್ತಾರೆ. ಏರಬಹುದು, ಆದರೆ ತಿಂಗಳ ವಿದ್ಯುತ್ ಬಿಲ್ಲು ಇಳಿಯುವುದನ್ನೂ ಆ ಲೆಕ್ಕಕ್ಕೆ ಸೇರಿಸಬೇಕಲ್ಲವೇ? 2025ರಲ್ಲಿ ಉಕ್ಕು, ಅಲ್ಯುಮಿನಿಯಂ ಮತ್ತು ಮರದ ಆಮದಿನ ಮೇಲೆ ಏರಿಸಿದ ಸುಂಕ ಬೆಲೆಯನ್ನು ಮೇಲಕ್ಕೇ ಒತ್ತುತ್ತದೆ. ಇವುಗಳಲ್ಲಿ ಯಾವುದು ಮೇಲುಗೈ ಪಡೆಯುತ್ತದೆಂಬುದು ಮುಂದಿನ ಪಟ್ಟಿಗಳಲ್ಲಿ ಕಾಣುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಅಮೆರಿಕದಲ್ಲಿ ಮಕ್ಕಳು, ನೆಂಟರು ಇರುವ ಎಷ್ಟೋ ಓದುಗರು ಇಂಥ ಲೇಖನಗಳನ್ನು ಕತ್ತರಿಸಿಟ್ಟು ಅವರಿಗೆ ಕಳುಹಿಸುತ್ತಾರೆ. ನನಗೂ ಆ ಲೇಖನ ಬಂದದ್ದು ಹಾಗೆಯೇ. ಆದ್ದರಿಂದ ಮುಂದೆ ಈ ಅಂಕಿಗಳನ್ನು ಅಚ್ಚು ಹಾಕುವಾಗ ಸಿಂಗಲ್-ವೈಡ್ ಮತ್ತು ಡಬಲ್-ವೈಡ್ ಬೆಲೆಗಳನ್ನು ಬೇರೆಬೇರೆಯಾಗಿ ಕೊಡಿ, ಬೆಲೆಯಲ್ಲಿ ನೆಲ ಸೇರಿಲ್ಲವೆಂಬ ಒಂದು ಸಾಲನ್ನು ಪಟ್ಟಿಯ ಕೆಳಗೆ ಸೇರಿಸಿ, ಸಾಧ್ಯವಾದರೆ ಆಯಾ ವರ್ಷದ ಬಡ್ಡಿ ದರಕ್ಕೆ ತಿಂಗಳ ಕಂತು ಎಷ್ಟಾಗುತ್ತದೆಂದೂ ಪಕ್ಕದಲ್ಲೇ ತೋರಿಸಿ. ಪಟ್ಟಿಗೆ ಎರಡು ಅಂಕಣ ಹೆಚ್ಚಾಗುತ್ತದೆ, ಅಷ್ಟೆ.

ಇಂತಿ ತಮ್ಮ ವಿಶ್ವಾಸಿ,
ಟೆನೆಸ್ಸೀಯಲ್ಲಿ ನೆಲೆಸಿರುವ ಓದುಗ